ಯಂತ್ರ ನನ್ನ ಟೇಬಲ್ ಮೇಲಿತ್ತು

ನಗುವವರು ನಕ್ಕುಬಿಡಿ, ಬೇಸರವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೇ "ಎಷ್ಟು ಏರಿಸಿದ್ದೆಯೋ?" ಎಂದು ಕೇಳುತ್ತಿದ್ದೆ. ಆದರೆ ಇದು ಕಳೆದ ಮಳೆಗಾಲದಲ್ಲಿ ನನ್ನ ಕಣ್ಣೆದುರೇ ನಡೆದದ್ದು. ಹೇಳಿಕೊಳ್ಳಲು ಭಯಕ್ಕಿಂತ ನಾಚಿಕೆಯೇ ಹೆಚ್ಚು.

ರಾಣೆಬೆನ್ನೂರಿನಲ್ಲಿ ನನ್ನದು ಗಡಿಯಾರ ರಿಪೇರಿ ಅಂಗಡಿ. ಅಪ್ಪನ ಕಾಲದಲ್ಲಿ ಗೋಡೆ ತುಂಬ ಕೀಲಿ ಕೊಡುವ ಗಡಿಯಾರಗಳಿದ್ದವು. ಆಮೇಲೆ ಸೆಲ್ಲಿನವು ಬಂದವು. ಈಗ ಮೊಬೈಲ್ ಬಂದು ಜನರ ಕೈಗಡಿಯಾರವನ್ನೂ ಬಿಚ್ಚಿಸಿದೆ. ಹಾಗಾಗಿ ಬ್ಯಾಡಗಿಯಿಂದ ಶಾಂತವ್ವ ಎಂಬವರು ಫೋನ್ ಮಾಡಿ, ಹಳೆಯ ಗೋಡೆ ಗಡಿಯಾರ ನಿಂತಿದೆ ಎಂದಾಗ ಹುಮ್ಮಸ್ಸಿನಿಂದಲೇ ಹೋದೆ.

ಮೆಣಸಿನಕಾಯಿ ಘಾಟು ಗೋಡೆಗೂ ಹಿಡಿದಿದ್ದ ಮನೆ. ಗಡಿಯಾರದ ಕೆಳಗೇ ಮಂಚ, ಮಂಚದ ಮೇಲೆ ಆಕೆಯ ಗಂಡ ಚನ್ನಬಸಪ್ಪ. ಲಕ್ವಾ ಹೊಡೆದು ಎಷ್ಟೋ ತಿಂಗಳಾಗಿತ್ತು. ಮಾತು ಪೂರ್ತಿ ನಿಂತಿತ್ತು.

"ಇವರಜ್ಜ ಮುಂಬೈಗೆ ಮೆಣಸಿನಕಾಯಿ ಕಳಸೋ ಕಾಲದಾಗ ತಂದದ್ದಂತ" ಎಂದರು ಶಾಂತವ್ವ. "ಅದಕ್ಕೂ ಮೊದಲ ಓಣಿ ಮಂದಿ ನೆರಳು ನೋಡಿ ಹೊತ್ತು ಹೇಳತಿದ್ರು. ಇದು ಬಂದ ಮ್ಯಾಲ ಇದರ ಗಂಟಿ ಕೇಳಿ ಒಲಿ ಹಚ್ಚಾಕತ್ತಿದ್ರಂತ." ಆಮೇಲೆ ದನಿ ತಗ್ಗಿಸಿದರು. "ಆ ಗಂಟಿ ಕೇಳಿದರಷ್ಟ ಇವರು ಕಣ್ಣು ಮುಚ್ಚತಾರ, ಅಣ್ಣಾ. ಅದು ನಿಂತಾಗಿಂದ ನಿದ್ದಿನ ಇಲ್ಲ. ಹೆಂಗರ ಮಾಡ್ರಿ."

ಒಳಗಿನ ಸ್ಪ್ರಿಂಗ್‌ಗಳು ತುಂಡಾಗಿದ್ದವು. ಅಂಥವು ಈಗ ಸುಲಭಕ್ಕೆ ಸಿಗುವುದಿಲ್ಲ. ಹಾಗೆಂದು ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ 'ಆಗಲಿಲ್ಲ' ಅನ್ನಲು ನನ್ನ ಜಂಬ ಬಿಡಬೇಕಲ್ಲ! ನಮ್ಮ ಕಸುಬಿನಲ್ಲಿ ಈಗ ಬಹಳ ಮಂದಿ ಮಾಡುವುದನ್ನೇ ಮಾಡಿದೆ. ಗಂಟೆ ಬಡಿಯುವ ಸುತ್ತಿಗೆ ಸಮೇತ ಹಳೆಯ ಯಂತ್ರ ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ಪೆಟ್ಟಿಗೆಯೊಳಗೆ ಸೆಲ್ಲಿನ ಯಂತ್ರ ಕೂರಿಸಿದೆ. ಮುಳ್ಳು ತಿರುಗಿತು. ಅದಕ್ಕೆ ಗಂಟೆ ಬಡಿಯಲು ಬರುವುದಿಲ್ಲ, ಅಷ್ಟೇ.

"ಗಂಟಿ?" ಎಂದರು ಶಾಂತವ್ವ.

"ಎಣ್ಣಿ ಬಿಟ್ಟೇನಿ ಯವ್ವಾ, ಒಳಗ ಇಳೀಬೇಕು. ರಾತ್ರಿಗೆ ಬಡೀತೈತಿ." ಬಾಯಿಗೆ ಬಂದದ್ದು ಅಂದುಬಿಟ್ಟೆ.

ಚನ್ನಬಸಪ್ಪ ನನ್ನನ್ನೇ ನೋಡುತ್ತಿದ್ದರು. ಆ ಕಣ್ಣು ತಪ್ಪಿಸಿ, ಚಹಾ ಸಹ ಕುಡಿಯದೆ ಹೊರಟೆ.

ರಾತ್ರಿ ಊಟವಾದ ಮೇಲೆ ಆ ಯಂತ್ರವನ್ನು ಟೇಬಲ್ ಮೇಲಿಟ್ಟುಕೊಂಡು ಕೂತೆ. ತುಂಡಾದ ಸ್ಪ್ರಿಂಗ್‌ಗಳನ್ನು ತೆಗೆದು ತಟ್ಟೆಯಲ್ಲಿಟ್ಟಿದ್ದೆ. ಹೊರಗೆ ಸೂರಿನ ಹನಿ ತೊಟ್ಟಿಕ್ಕುತ್ತಿತ್ತು... ಇದ್ದಕ್ಕಿದ್ದಂತೆ ಮೆಣಸಿನಕಾಯಿ ಘಾಟು ಮೂಗಿಗೆ ಬಡಿಯಿತು. ಅಷ್ಟರಲ್ಲಿ ಫೋನ್ ಬಂತು, ಶಾಂತವ್ವನದು.

"ಅಣ್ಣಾ, ನೀವು ಹೇಳಿದಂಗ ಬಡಿಯಾಕತ್ತೈತಿ! ಕೇಳ್ರಿ..."

ಢಣ್... ಢಣ್...

ಆ ಪೆಟ್ಟಿಗೆಯಲ್ಲಿ ಬಡಿಯಲು ಸುತ್ತಿಗೆಯೇ ಇಲ್ಲ. ಅದು ಇಲ್ಲಿದೆ... ಮೆಲ್ಲಗೆ ಟೇಬಲ್ ಕಡೆ ನೋಡಿದೆ. ಸ್ಪ್ರಿಂಗೇ ಇಲ್ಲದ ಯಂತ್ರದ ಆ ಪುಟ್ಟ ಸುತ್ತಿಗೆ ತಾನಾಗಿ ಏಳುತ್ತಿತ್ತು, ಬೀಳುತ್ತಿತ್ತು. ಗಾಳಿಗೆ ಹೊಡೆಯುತ್ತಿತ್ತು. ಅದು ಇಲ್ಲಿ ಬಿದ್ದಾಗಲೆಲ್ಲ ಫೋನಿನಲ್ಲಿ ಢಣ್...

"ಅಣ್ಣಾ, ಇವರು ಮಾತಾಡಿದ್ರು! 'ಅವಗ ಫೋನ್ ಹಚ್ಚು' ಅಂದ್ರು. ನಿಮಗ ಏನೋ ಹೇಳಬೇಕಂತ. ತಡೀರಿ, ಕೊಡತೇನಿ..."

ಫೋನ್ ಕೈ ಬದಲಾದ ಸದ್ದು. ಹಾಸಿಗೆಯ ಸರಸರ. ಆಮೇಲೆ ಯಾರೋ ನಿಧಾನವಾಗಿ ಉಸಿರೆಳೆದುಕೊಂಡರು... ಮಾತು ಶುರುಮಾಡುವ ಮುಂಚಿನ ಉಸಿರು...

ನಾನು ಫೋನ್ ಆಫ್ ಮಾಡಿಬಿಟ್ಟೆ.

ಯಂತ್ರದ ಮೇಲೆ ಬೋಗುಣಿ ಕವುಚಿ, ಇಷ್ಟು ದೊಡ್ಡ ಮೀಸೆ ಹೊತ್ತವನು ಮಕ್ಕಳ ನಡುವೆ ಹೋಗಿ ಮುಸುಕೆಳೆದುಕೊಂಡೆ.

ಬೆಳಗಾಗುತ್ತಲೇ ಎಲ್ಲ ಒಪ್ಪಿಕೊಳ್ಳಬೇಕೆಂದು ಯಂತ್ರ ಹಿಡಿದು ಬ್ಯಾಡಗಿಗೆ ಹೋದೆ. ಮನೆ ಮುಂದೆ ಜನ ಸೇರಿದ್ದರು. ಚನ್ನಬಸಪ್ಪ ರಾತ್ರಿಯೇ ತೀರಿಕೊಂಡಿದ್ದರು.

ಶಾಂತವ್ವ ನನ್ನ ಎರಡೂ ಕೈ ಹಿಡಿದುಕೊಂಡರು. "ನಿಮ್ಮ ಪುಣ್ಯಾ, ಗಂಟಿ ಕೇಳಿ ಹ್ವಾದ್ರು. ಫೋನ್ ಕಿವಿಗೆ ಹಿಡಕೊಂಡು 'ಹಲೋ, ಹಲೋ' ಅನಕೋತನ ಇದ್ರು, ಅಣ್ಣಾ... ರೇಂಜ್ ಹೋಗಿತ್ತೇನು?"

"ಹೌದ್ರಿ ಯವ್ವಾ" ಎಂದೆ. "ಮಳಿ ನೋಡ್ರಿ..."

ಆ ಸುತ್ತಿಗೆ ಹೇಗೆ ಎದ್ದಿತೋ ನನಗೆ ಗೊತ್ತಿಲ್ಲ. ಚನ್ನಬಸಪ್ಪ ಬೈಯುವವರಿದ್ದರೋ, ಹರಸುವವರಿದ್ದರೋ, ಅದೂ ತಿಳಿಯದು. ನನಗೆ ತಿಳಿದಿರುವುದು ಇಷ್ಟೇ. ಅಷ್ಟು ತಿಂಗಳು ಬಾಯಿ ಕಟ್ಟಿದ್ದ ಮನುಷ್ಯನಿಗೆ ಕಡೆಗೊಮ್ಮೆ ಮಾತು ಬಂದಾಗ ಪಕ್ಕದಲ್ಲಿ ಹೆಂಡತಿ ಇದ್ದಳು. ಆಕೆಗೆಂದು ಒಂದು ಮಾತೂ ಸಿಗಲಿಲ್ಲ. ಇದ್ದಷ್ಟನ್ನೂ ಅವರು ನನ್ನ ಸತ್ತ ಫೋನಿಗೆ 'ಹಲೋ' ಅನ್ನುತ್ತ ಖರ್ಚು ಮಾಡಿದರು.