ಆಯುಧಪೂಜೆಯ ದಿನ ನಿಂತ ಇಂಟರ್ನೆಟ್

ಅಂಗಳ ಸಾರಿಸಿ, ನೀರು ತುಂಬಿ, ಮಗ್ಗ, ಮಿಕ್ಸಿ, ಕಂಪ್ಯೂಟರ್ ಎಲ್ಲ ಒರೆಸಿ ಆಯುಧಪೂಜೆ ಮುಗಿಸುವಷ್ಟರಲ್ಲಿ ಇಂಟರ್ನೆಟ್ ನಿಂತಿತ್ತು. ನಾವು ಮೊಳಕಾಲ್ಮೂರಿನ ನೇಕಾರರು. ಸಂಜೆಯೊಳಗೆ ಅಂಚಿನ ಫೋಟೊ ಮೇಲ್ ಮಾಡದಿದ್ದರೆ ಬಳ್ಳಾರಿಯ ಗಿರಾಕಿಗಳು ಮದುವೆ ಸೀರೆಯನ್ನು ಬೇರೆ ಕಡೆ ನೇಯಿಸುವವರಿದ್ದರು.

ಮೋಡೆಮ್ ದೀಪ ಸರಿಯಾಗಿಯೇ ಉರಿಯುತ್ತಿತ್ತು. ರೂಟರ್ ತಿರುಗಿಸಿ ನೋಡಿದೆ. ಮೋಡೆಮ್‌ನಿಂದ ಬರುವ ವೈರು ತನ್ನ ತೂತು ಬಿಟ್ಟು ಪಕ್ಕದ್ದರಲ್ಲಿತ್ತು.

"ಆ ತೂತಿಗೆ ಅವ್ವ ಕುಂಕುಮ ಇಟ್ಟೈತೆ. ಅದರ ಮೇಲೆ ಹೆಂಗೆ ಚುಚ್ಚಲಿ?" ಎಂದರು, ಒರೆಸಿದ ಮೇಲೆ ವೈರು ಮತ್ತೆ ಹಾಕಿದ್ದ ನಮ್ಮ ಮನೆಯವರು.

"ಅದೊಂದೇ ಬ್ಯಾರೆ ಬಣ್ಣ ಇತ್ತು, ಅದೇ ಮುಖ ಅಂದ್ಕಂಡೆ. ಒರೆಸವ್ವ, ದೇವ್ರೇನು ಮುನಿಯಲ್ಲ," ಎಂದರು ಅತ್ತೆ.

ಸ್ವಿಚ್ ಆರಿಸಿ, ಒಣ ಹತ್ತಿಯಿಂದ ಕುಂಕುಮ ತೆಗೆದು, ವೈರನ್ನು ಅದರ ಜಾಗಕ್ಕೆ ಹಾಕಿದೆ. ಸ್ವಿಚ್ ಹಾಕಿದಾಗ ಇಂಟರ್ನೆಟ್ ಬಂತು, ಫೋಟೊ ಹೋಯಿತು. ಕತ್ತಲಾಗುವ ಮೊದಲೇ "ಇದೇ ಅಂಚು ಇರಲಿ" ಎಂಬ ಉತ್ತರವೂ ಬಂತು.

ಅಂದಿನಿಂದ ನಮ್ಮ ರೂಟರಿಗೆ ಪೂಜೆ ನೆತ್ತಿಯ ಮೇಲೆ ಮಾತ್ರ. ಆ ರಾತ್ರಿ ಹೋಳಿಗೆ, ಕಟ್ಟಿನ ಸಾರು ಉಂಡೆವು. ಎಲ್ಲರಿಗಿಂತ ಮೊದಲು ನಿದ್ದೆ ಹೋದವರು, ದೇವರು ಮುನಿಯಲ್ಲ ಎಂದಿದ್ದ ಅತ್ತೆ.