ಕಂಪ್ಯೂಟರಿನ ಹಾಡು ಅಳಿಸಿದವನು ನಾನೇ

ಕಂಪ್ಯೂಟರ್ ಹಾಡಿದ್ದನ್ನು ಕೇಳಲು ಕುಳಿತ ನೆಂಟರಿಗೆ ಟೇಪ್ ರೆಕಾರ್ಡರಿನಿಂದ ಕೇಳಿಸಿದ್ದು ನನ್ನ ಧ್ವನಿ: "ಚೋಮಾ... ಬೊಳ್ಳೀ... ಕಾಳಾ..."

ಆಗಿನ್ನೂ ನಮ್ಮದು ಮೈಸೂರು ರಾಜ್ಯ. ಗೋಣಿಕೊಪ್ಪಲಿನ ಹತ್ತಿರದ ಕಾಫಿ ತೋಟದಲ್ಲಿ ನಾನು ಲೆಕ್ಕ, ಹಾಜರಿ ಬರೆಯುವ ರೈಟರ್. ಬೊಂಬಾಯಿಯ ಕಂಪ್ಯೂಟರೊಂದು ಹಾಡಿದ್ದನ್ನು ತುಂಬಿಸಿದ ಟೇಪನ್ನು ತಂದವರು ಧಣಿಗಳ ಅಳಿಯ, ಅಲ್ಲಿ ಇಂಜಿನಿಯರು. ಕೋಣೆ ತುಂಬುವಷ್ಟು ದೊಡ್ಡದಾದ ಆ ಯಂತ್ರಕ್ಕೆ ಒಂದು ಸಲಕ್ಕೆ ಒಂದೇ ಸ್ವರ ಹೊರಡಿಸುವಷ್ಟು ಶಕ್ತಿಯಂತೆ. ಹಿಂದಿನ ದಿನ ನನಗೆ ನಾಲ್ಕು ಸಲ ಕೇಳಿಸಿದ್ದರು. ಜೀರುಂಡೆಯೊಂದು ರಾಗ ಕಲಿತಂತಿತ್ತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ, ನನ್ನ ಧ್ವನಿ ಟೇಪಿನಲ್ಲಿ ಹೇಗೆ ಕೇಳಿಸುತ್ತದೋ ಎಂಬ ಕುತೂಹಲಕ್ಕೆ ರೆಕಾರ್ಡರಿನ ಕೆಂಪು ಗುಂಡಿ ಒತ್ತಿದೆ. ಹಾಡಲು ನಾಚಿಕೆಯಾಗಿ, ದಿನಾ ಬೆಳಿಗ್ಗೆ ಕೂಗುವ ಆಳುಗಳ ಹಾಜರಿಯನ್ನೇ ಕೂಗಿದೆ. ಹೊಸದು ಸೇರಿದರೆ ಹಳೆಯದು ಅಳಿಯುತ್ತದೆಂದು ಗೊತ್ತಿರಲಿಲ್ಲ.

"ಬೆಳಿಗ್ಗೆ ಅಂಗಳದಲ್ಲಿ ಕೂಗಿದ್ದನ್ನ ಅದೇ ಹಿಡ್ಕೊಂಡಿರ್ಬೇಕು ಸಾರ್," ಎಂದು ನೆಂಟರೆದುರು ಅಳಿಯಂದಿರಿಗೆ ಹೇಳಿಬಿಟ್ಟೆ.

ಎಲ್ಲರೂ ನಕ್ಕರು. ಅವರು ಮಾತ್ರ ನಗಲಿಲ್ಲ. "ಬೊಂಬಾಯಿಯ ಆ ಯಂತ್ರ ಬಿಚ್ಚಿ ಹಾಕಿ ಆಯ್ತು ರೈಟ್ರೇ. ಇನ್ನು ಹಾಡಿಸ್ಲಿಕ್ಕೆ ಆಗುದಿಲ್ಲ."

ಅವರು ಬದುಕಿರುವ ತನಕ ನಾನು ನಿಜ ಹೇಳಲಿಲ್ಲ. ಆ ರಾಗ ಇವತ್ತಿಗೂ ನನಗೆ ಬಾಯಿಪಾಠ. ಅದೀಗ ಉಳಿದಿರುವುದು ಅಳಿಸಿದವನ ಗಂಟಲಲ್ಲಿ ಮಾತ್ರ.