ಚಪಾತಿ ಹಿಟ್ಟಿನ ಗಾಳ

ಆ ಬೇಸಿಗೆಯ ಆರಂಭದಲ್ಲಿ ಒಂದು ವಾರ ನಾನು ದಿನಾಲೂ ಹೊಳೆಗೆ ಹೋದೆ. ಕೃಷ್ಣೆಯ ನೀರು ಇಳಿದಿದೆ, ಪಂಪಿನ ಪೈಪು ಮುಂದಕ್ಕೆ ಸರಿಸಬೇಕು ಎಂದು ಮನೆಯಲ್ಲಿ ಹೇಳುತ್ತಿದ್ದೆ. ಕಬ್ಬು ಬೆಳೆಯುವವರ ಮನೆಯಲ್ಲಿ ಈ ನೆಪವನ್ನು ಯಾರೂ ಎರಡನೆಯ ಸಲ ವಿಚಾರಿಸುವುದಿಲ್ಲ. ನಿಜವಾಗಿ ಹೋಗುತ್ತಿದ್ದದ್ದು ಮೀನು ಹಿಡಿಯಲು. ಶೇಡಬಾಳದ ಜೈನರ ಮನೆಯ ಮಗ, ಮೊಟ್ಟೆಯನ್ನೂ ಮುಟ್ಟದವನು, ಗಾಳ ಹಾಕಿಕೊಂಡು ಕೂತಿದ್ದೆ!

ಹೆಂಡತಿಗೆ ಆಗ ಮೂರು ತಿಂಗಳು. ಹಿಂದಿನ ವರ್ಷ ಇದೇ ಮೂರನೆಯ ತಿಂಗಳಲ್ಲಿ ಒಂದು ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಈ ಸಲ ಅವಳ ಹೊಟ್ಟೆಯಲ್ಲಿ ನೀರೂ ನಿಲ್ಲುತ್ತಿರಲಿಲ್ಲ. ಡಾಕ್ಟರರು ಸಲಾಯಿನ್ ಏರಿಸಿ, "ಏನ್ ಬೇಕಂತಾರ ಅದನ್ನ ತಿನಿಸ್ರಿ" ಅಂದು ಕಳಿಸಿದ್ದರು. ಅವಳು ಹೊಳೆದಂಡೆಯ ಅಂಬಿಗರ ಮಗಳು. ಲಗ್ನವಾದಾಗಿನಿಂದ ತವರಿನವರು ಮಾತು ಬಿಟ್ಟಿದ್ದರು, ಇವಳು ತಾನಾಗಿಯೇ ಮೀನು ಬಿಟ್ಟಿದ್ದಳು. ಒಂದು ಮಧ್ಯಾಹ್ನ ಕಣ್ಣು ಮುಚ್ಚಿಕೊಂಡೇ, "ಹೊಳಿ ಮೀನಿನ ಸಾರ ಒಂದ್ ಗುಟುಕ ಸಿಕ್ಕಿದ್ರ ಹೊಟ್ಯಾಗ ನಿಲ್ತಿತ್ತೇನೋ ರೀ" ಅಂದಳು.

ಪ್ಯಾಟಿಯ ಬರ್ಫದ ಮೀನಿನ ವಾಸನೆಗೇ ಅವಳಿಗೆ ವಾಂತಿ. ದಂಡೆಯಲ್ಲಿ ಬಲೆ ಹಾಕುವವರ ಹತ್ತಿರ ಕೊಂಡರೆ, ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಅವ್ವನನ್ನು ಮುಟ್ಟುತ್ತಿತ್ತು. ಉಳಿದದ್ದು ಗಾಳ ಒಂದೇ, ಅದು ಹೆಂಡತಿಗೆ ಮಾತ್ರ ಗೊತ್ತಿತ್ತು.

ಎರೆಹುಳು ಚುಚ್ಚಲು ಕೈ ಬರಲಿಲ್ಲ. ಅವ್ವ ನಾದಿಟ್ಟ ಚಪಾತಿ ಹಿಟ್ಟಿನಲ್ಲಿ ದಿನಾ ಒಂದು ಉಂಡೆ ಕದ್ದು ಒಯ್ಯುತ್ತಿದ್ದೆ. ದಾರಕ್ಕೆ ಕಟ್ಟಿದ ಬೆಂಡು ಅಲುಗಿದರೆ ಎದ್ದು ನಿಲ್ಲುತ್ತಿದ್ದೆ. ಎಳೆದು ನೋಡಿದರೆ ಹಿಟ್ಟು ಮಾಯ, ಬರೀ ಗಾಳ. ಒಳಗೊಳಗೇ ಸಮಾಧಾನವಾಗುತ್ತಿತ್ತು, ಆ ಸಮಾಧಾನಕ್ಕೆ ನನ್ನ ಮೇಲೇ ಸಿಟ್ಟು ಬರುತ್ತಿತ್ತು. ನಮ್ಮಲ್ಲಿ ಹೊತ್ತು ಮುಳುಗುವ ಮೊದಲೇ ಊಟ. ಅವಸರದಲ್ಲಿ ಬಂದು, ಎರಡೆರಡು ಸಲ ಕೈ ತೊಳೆದು ತಾಟಿನ ಮುಂದೆ ಕೂರುತ್ತಿದ್ದೆ.

"ಬರಬ್ಯಾಡ, ಬರಬ್ಯಾಡ ಅಂತ ನೀವ ಬೇಡ್ಕೊಂಡ್ ಕುಂತ್ರ ಮೀನ ಹ್ಯಾಂಗ ಬರ್ತಾವ್ರಿ?" ಎಂದು ಹೆಂಡತಿ ಮಲಗಿದಲ್ಲಿಂದಲೇ ಚಾಷ್ಟಿ ಮಾಡಿದಳು. ನಕ್ಕದ್ದಕ್ಕೇ ಅವಳಿಗೆ ದಮ್ಮು ಹತ್ತಿತು. ನನಗೆ ಹೆದರಿಕೆಯಾಯಿತು.

ವಾರದ ಕೊನೆಗೆ ಒಂದು ಮೀನು ಸಿಕ್ಕಿತು, ಅಂಗೈಗಿಂತ ದೊಡ್ಡದು. ಕೊಲ್ಲಲಾಗದೆ ಬಕೀಟಿನ ನೀರಿಗೆ ಹಾಕಿ, ಬೈಕಿಗೆ ತೂಗುಹಾಕಿಕೊಂಡು ತಂದೆ. ಅರ್ಧ ನೀರು ದಾರಿಯಲ್ಲೇ ಚೆಲ್ಲಿತು. ಹಿತ್ತಲ ಬಾಗಿಲಲ್ಲಿ ಅವ್ವ ನಿಂತಿದ್ದಳು. ಕುಡಿಯುವ ನೀರು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದದ್ದನ್ನು, ಕಾಣದ ಜೀವ ಸಾಯಬಾರದೆಂದು, ಮತ್ತೆ ಬಾವಿಗೇ ಬಿಡುವ ಅವ್ವ. ಬಕೀಟು ನೋಡಿದಳು, ನನ್ನನ್ನು ನೋಡಿದಳು.

"ಹಿಟ್ಟ ದಿನಾ ಕಮ್ಮಿ ಬೀಳಾಕತ್ತಿತ್ತು" ಅಂದಳು.

ನಾನು ಬೈಸಿಕೊಳ್ಳಲು ತಯಾರಾಗಿ ನಿಂತೆ.

"ಇದನ್ನ ಉಂಡ್ರ ಅಕಿ ಕೂಸ ಉಳೀತೈತೇನೋ ತಮ್ಮಾ?"

"ಗೊತ್ತಿಲ್ಲ ಬೇ ಅವ್ವಾ."

"ದನದ ಕೊಟ್ಟಿಗ್ಯಾಗ ಒಲಿ ಹೂಡು. ಪಾಪ ಬಂದ್ರ ನನಗ ಬರ್ಲಿ."

ಅವಳು ಬೈದಿದ್ದರೇ ಚಲೋ ಇತ್ತು. ಆ ಮಾತು ಕೇಳಿ ನನಗೆ ಅಳು ಬಂತು.

ಅಷ್ಟರಲ್ಲಿ ಹೆಂಡತಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಬಕೀಟಿನಲ್ಲಿ ಕೈ ಬಿಟ್ಟು ಮೀನಿನ ಹೊಟ್ಟೆಯನ್ನು ಬೆರಳಿನಿಂದ ಸವರಿದಳು.

"ಹೊಟ್ಟಿ ತುಂಬ ತತ್ತಿ ಅದಾವ್ರಿ ಅತ್ತೀ. ಇದನ್ನ ಹೊಳಿಗೆ ಬಿಡ್ರಿ."

"ಇರ್ಲಿ ಬಿಡವಾ, ನೀ ಉಣ್ಣು. ಮೊದಲ ನಿಂದು ಉಳೀಲಿ" ಅಂದಳು ಅವ್ವ.

"ಒಲ್ಲೆನ್ರಿ."

ಅವ್ವ ಕೈ ಹಿಡಿದು ಕೇಳಿಕೊಂಡಳು, ಕೊನೆಗೆ ಗದರಿಸಿದಳು. ಮೀನು ಉಂಡು ಬೆಳೆದವಳು ಬಿಡು ಅನ್ನುತ್ತಾಳೆ, ನೀರು ಸೋಸುವವಳು ಉಣ್ಣು ಅನ್ನುತ್ತಾಳೆ. ನಡುವೆ ನಾನು ಬಕೀಟು ಹಿಡಿದುಕೊಂಡು ನಿಂತಿದ್ದೆ. ಹೆಂಡತಿ ಒಪ್ಪಲೇ ಇಲ್ಲ.

ಅವ್ವ ಒಳಗೆ ಹೋಗಿ ಸೋಸಿದ ನೀರಿನ ಕೊಡ ತಂದು ಬಕೀಟು ತುಂಬಿಸಿದಳು. ನಾನು ಹೊರಟಾಗ ಹೆಂಡತಿ ಬಾಗಿಲಿನವರೆಗೆ ಬಂದಳು. ಒಂದು ಕೈ ಹೊಟ್ಟೆಯ ಮೇಲಿತ್ತು.

"ಬದುಕ್ತೈತಲ್ರಿ ಅದು?"

ಗಾಳಕ್ಕೆ ಮೀನಿನ ತುಟಿ ಹರಿದಿತ್ತು. ಅವಳು ಕೇಳಿದ್ದು ಮೀನೊಂದರ ಮಾತಲ್ಲ ಎಂದೂ ಗೊತ್ತಿತ್ತು. "ಬದುಕ್ತೈತಿ" ಅಂದೆ.

ನೀರು ಚೆಲ್ಲಬಾರದೆಂದು ಬೈಕು ಬಿಟ್ಟು ನಡೆದೇ ಹೋದೆ. ದಾರಿಯುದ್ದಕ್ಕೂ ನಿಂತು ನಿಂತು ಬಕೀಟಿನಲ್ಲಿ ಕೈಯಿಟ್ಟು ನೋಡಿದೆ, ಇನ್ನೂ ಅಲುಗುತ್ತಿದೆಯೇ ಎಂದು.